ಬಲಗಣ್ಣು ಹೋದದ್ದು, ಎಡಗಣ್ಣು ಉಳಿದದ್ದು

ಯಶವಂತಪುರ ಸ್ಟೇಷನ್ನಿನ ಮೇಲುಸೇತುವೆಯ ನಡುವೆ ನನ್ನ ಗಂಡ ಇದ್ದಕ್ಕಿದ್ದಂತೆ ನಿಂತುಬಿಟ್ಟರು. ತುಮಕೂರಿನಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ವಾಪಸು ಬಂದಿದ್ದೆವು. ಇಬ್ಬರ ಕೈಯಲ್ಲೂ ಬ್ಯಾಗು. ಹಿಂದಿನಿಂದ ಬರುತ್ತಿದ್ದವರು ನಮ್ಮನ್ನು ಉಜ್ಜಿಕೊಂಡೇ ಮುಂದೆ ಹೋಗುತ್ತಿದ್ದರು. ಇವರು ಮಾತ್ರ ಕಂಬಿ ಹಿಡಿದು ಕೆಳಗೆ ನೋಡುತ್ತಿದ್ದರು.

"ಗಿರಿಜಾ, ಅಲ್ಲಿ ಟ್ರ್ಯಾಕ್ ಬಗ್ಗಿದೆ ನೋಡು."

ನಾನು ಬಗ್ಗಿ ನೋಡಿದೆ. ಹಳಿಗಳು ನೆಟ್ಟಗೇ ಇದ್ದವು.

"ಎಲ್ರೀ? ಸರಿಯಾಗೇ ಇದೆಯಲ್ಲ."

"ನಿನಗೆ ಗೊತ್ತಾಗಲ್ಲ ಬಿಡು. ಸ್ಟೇಷನ್ ಮಾಸ್ಟರ್‌ಗೆ ಹೇಳ್ಬೇಕು."

ಇವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೈಲು ಓಡಿಸಿದವರು. ಗೂಡ್ಸ್ ಗಾಡಿಯಿಂದ ಶುರುಮಾಡಿ ಎಕ್ಸ್‌ಪ್ರೆಸ್‌ವರೆಗೆ ಬಂದು ನಿವೃತ್ತರಾದವರು. ನಾವು ಇಳಿದು ಹೋಗಬೇಕು ಅನ್ನುವಷ್ಟರಲ್ಲಿ ಅದೇ ಹಳಿಯ ಮೇಲೆ ಒಂದು ಗಾಡಿ ಬಂತು. ಒಂದಿಷ್ಟೂ ಅಲುಗದೆ, ನೀರಿನ ಮೇಲೆ ಹೋದಂತೆ ಹೋಯಿತು. ಇವರು ಕೊನೆಯ ಬೋಗಿಯವರೆಗೂ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿಕೊಂಡು ನೋಡಿದರು. ಬಲಗಣ್ಣು ಮುಚ್ಚಿಕೊಂಡು ನೋಡಿದರು.

"ಬಗ್ಗಿರೋದು ಹಳಿ ಅಲ್ಲ ಕಣೆ," ಅಂದರು.

ಅಷ್ಟೇ. ಕಂಬಿ ಬಿಟ್ಟು ವಿದ್ಯಾರಣ್ಯಪುರದ ನಮ್ಮ ಮನೆಯ ಕಡೆ ಹೊರಟರು.

ಕಣ್ಣು ಇವರ ಹೆಮ್ಮೆಯಾಗಿತ್ತು. ಕೆಲಸದಲ್ಲಿದ್ದಾಗ ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ ಆಗುತ್ತಿತ್ತು. ಜೊತೆಯವರಲ್ಲಿ ಕೆಲವರು ಅದರಲ್ಲಿ ಸೋತು ಆಫೀಸಿನ ಕುರ್ಚಿಗೆ ಹೋದರು. ಇವರು ಒಮ್ಮೆಯೂ ಸೋಲಲಿಲ್ಲ. ಅರವತ್ತು ದಾಟಿದ ಮೇಲೂ, ಬಸ್ಸು ತಿರುವಿನಲ್ಲಿರುವಾಗಲೇ ಅದರ ಬೋರ್ಡು ಓದಿ ನನಗೆ ಹೇಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಕಣ್ಣಿನ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕಾರ್ನಿಯಾ, ಮಸೂರ, ಅಕ್ಷಿಪಟ. ಬಾಣದ ಗುರುತು ಹಾಕಿ ಹೆಸರು ಬರೆಯುವುದು. ಅದರಾಚೆ ನನಗೇನೂ ಗೊತ್ತಿರಲಿಲ್ಲ ಅನ್ನುವುದು ಗೊತ್ತಾಗಲು ಇವರ ಕಣ್ಣೇ ಹೋಗಬೇಕಾಯಿತು.

ಎರಡು ದಿನ ಬಿಟ್ಟು ಹೆಬ್ಬಾಳದ ಕಡೆಯ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆವು. ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದರು. ಸ್ಕ್ಯಾನ್ ಮಾಡಿದರು. ಡಾಕ್ಟರ್ ನಲವತ್ತರ ಆಸುಪಾಸಿನ ಹೆಂಗಸು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಒಂದರ ಮೇಲೊಂದು ಹಾಸಿದ ಬಟ್ಟೆಗಳ ಹಾಗೆ ಪದರಗಳು ಕಾಣುತ್ತಿದ್ದವು. ಒಂದು ಕಡೆ ಅದು ಉಬ್ಬಿಕೊಂಡಿತ್ತು, ಕೆಳಗೆ ಯಾರೋ ಏನನ್ನೋ ತುರುಕಿದಂತೆ.

"ಇದು ರೆಟಿನಾ. ಕಣ್ಣಿನ ಹಿಂದಿನ ಪರದೆ. ನಟ್ಟನಡುವೆ ಇರೋದು ಮ್ಯಾಕ್ಯುಲಾ. ಓದೋದು, ಮುಖ ಗುರುತು ಹಿಡಿಯೋದು ಎಲ್ಲಾ ಇದರದ್ದೇ ಕೆಲಸ. ವಯಸ್ಸಾದ ಹಾಗೆ ಕೆಲವರಲ್ಲಿ ಇದು ಸವೆಯುತ್ತಾ ಹೋಗುತ್ತೆ. ಮ್ಯಾಕ್ಯುಲರ್ ಡಿಜೆನರೇಷನ್ ಅಂತೀವಿ. ನಿಮ್ಮ ಯಜಮಾನರಿಗೆ ಬಲಗಣ್ಣಲ್ಲಿ ಬೇಡದ ರಕ್ತನಾಳ ಬೆಳೆದು ಸೋರ್ತಿದೆ. ಎಡಗಣ್ಣಲ್ಲೂ ಕಾಯಿಲೆ ಇದೆ, ಆದ್ರೆ ಇನ್ನೂ ಸೋರಿಕೆ ಇಲ್ಲ."

ಎರಡು ಕಣ್ಣಿಗೂ ಬೇರೆ ಬೇರೆ ಉಪಾಯ ಹೇಳಿದರು. ಬಲಗಣ್ಣಿಗೆ ಇಂಜೆಕ್ಷನ್, ತಿಂಗಳಿಗೊಂದರಂತೆ ಮೊದಲು ಮೂರು. ಎಡಗಣ್ಣಿನ ಕಾಯಿಲೆ ಮುಂದುವರಿಯುವುದು ನಿಧಾನವಾಗಲಿ ಅಂತ ದಿನವೂ ಮಾತ್ರೆ.

"ಇಂಜೆಕ್ಷನ್ ತೋಳಿಗಾ?" ಇವರು ಕೇಳಿದರು.

"ಕಣ್ಣಿಗೇ, ಸರ್."

ಇವರು ನನ್ನ ಕೈ ಹಿಡಿದುಕೊಂಡರು. ಮೂರನೆಯವರ ಎದುರು ಇವರು ನನ್ನ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅದೇ ಮೊದಲು.

"ಸಿಗರೇಟ್ ಅಭ್ಯಾಸ ಇದೆಯಾ?"

"ಇತ್ತು. ಬಿಟ್ಟಿದ್ದೀನಿ."

ಬಿಟ್ಟಿರಲಿಲ್ಲ. ಬೆಳಿಗ್ಗೆ ಕಾಫಿಯಾದ ಮೇಲೆ ಒಂದು, ಸಂಜೆ ಒಂದು, ತಾರಸಿಯ ಮೇಲೆ. ನನಗೆ ಗೊತ್ತು ಅನ್ನುವುದು ಅವರಿಗೂ ಗೊತ್ತಿತ್ತು. ಡಾಕ್ಟರ ಎದುರು ಗಂಡನ ಮಾನ ಯಾಕೆ ಕಳೆಯಲಿ ಅಂತ ಸುಮ್ಮನಿದ್ದೆ. ಹೊರಡುವಾಗ ಡಾಕ್ಟರ್ ಒಂದು ಹಾಳೆ ಕೊಟ್ಟರು. ಲೆಕ್ಕದ ಪುಸ್ತಕದಂತೆ ತುಂಬಾ ಚೌಕಗಳು, ಮಧ್ಯದಲ್ಲಿ ಒಂದು ಕಪ್ಪು ಚುಕ್ಕೆ. ದಿನಾ ಒಂದೊಂದೇ ಕಣ್ಣಲ್ಲಿ ಚುಕ್ಕೆ ನೋಡಬೇಕು, ಗೆರೆ ಡೊಂಕಾಗಿ ಕಂಡರೆ ತಕ್ಷಣ ಬರಬೇಕು. ಆ ಹಾಳೆ ಫೈಲಿನೊಳಗೆ ಹೋಯಿತು. ಅಲ್ಲೇ ಉಳಿಯಿತು.

ಮಾತ್ರೆಯ ಡಬ್ಬದ ಮೇಲೆ ಹೆಸರುಗಳಿದ್ದವು. ವಿಟಮಿನ್ ಸಿ, ವಿಟಮಿನ್ ಇ, ಜಿಂಕ್, ತಾಮ್ರ, ಲ್ಯೂಟಿನ್. ಆಂಟಿಆಕ್ಸಿಡೆಂಟ್ ಅಂದರೆ ಏನು ಅಂತ ಇವರು ಆಟೋದಲ್ಲಿ ಕೇಳಿದರು. ನನಗೆ ಉತ್ಸಾಹ ಬಂತು. ಹೆಚ್ಚಿಟ್ಟ ಸೇಬು ಕಪ್ಪಾಗುತ್ತಲ್ಲ, ನಿಂಬೆರಸ ಹಚ್ಚಿದರೆ ಆಗಲ್ಲ. ದೇಹದೊಳಗೂ ಹಾಗೇ, ಈ ಮಾತ್ರೆ ನಿಂಬೆರಸದ ಹಾಗೆ, ಅಂದೆ. ತರಗತಿಯಲ್ಲಿ ಹೇಳುತ್ತಿದ್ದ ಉದಾಹರಣೆಯೇ. ತಪ್ಪೇನಿರಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಅದು ಸಾಕಾಗುತ್ತಿತ್ತು. ನನಗೂ ಅದೇ ಸಾಕು ಅಂದುಕೊಂಡೆ.

ಮೊದಲ ಇಂಜೆಕ್ಷನ್ನಿಗೆ ನೋವಾಗಲಿಲ್ಲವಂತೆ. ಮರಗಟ್ಟಿಸುವ ಡ್ರಾಪ್ಸ್ ಹಾಕಿರುತ್ತಾರೆ. ಆದರೆ ರೆಪ್ಪೆ ಮುಚ್ಚದಂತೆ ಕ್ಲಿಪ್ ಹಾಕಿದ್ದು, ಬೆಳಕಿನಲ್ಲಿ ಡಾಕ್ಟರ ಕೈ ಹತ್ತಿರ ಬಂದದ್ದು ಇವರ ತಲೆಯಿಂದ ಹೋಗಲಿಲ್ಲ. ಎರಡನೆಯದು ಆದ ಮರುದಿನ ಬಲಗಣ್ಣಿನ ಬಿಳಿಭಾಗವೆಲ್ಲ ಕೆಂಪಾಯಿತು. ಫೋನ್ ಮಾಡಿದ್ದಕ್ಕೆ, ಮೇಲ್ಗಡೆ ಸ್ವಲ್ಪ ರಕ್ತ ಹರಡಿದೆ, ತಾನೇ ಹೋಗುತ್ತೆ, ಅಂದರು. ಹೋಯಿತು ಕೂಡ. ಆದರೆ ಆ ಒಂದು ವಾರ ಇವರು ಕನ್ನಡಿಯ ಮುಂದೆ ನಿಂತು ನಿಂತು ಹೆದರಿಹೋಗಿದ್ದರು. ನೆಟ್ಟಗಿನ ಗೆರೆಗಳು ಎಷ್ಟೋ ಸರಿಯಾಗಿ ಕಾಣತೊಡಗಿದ್ದವು ಅನ್ನುವುದು ಆ ಹೆದರಿಕೆಯಲ್ಲಿ ಮುಚ್ಚಿಹೋಯಿತು.

ಆ ವಾರವೇ ವಸಂತಾ ಬಂದಳು.

ವಸಂತಾ ಇವರ ತಂಗಿ. ತಾಯಿ ಬೇಗ ಹೋದದ್ದರಿಂದ ಅವಳನ್ನು ಓದಿಸಿ ಮದುವೆ ಮಾಡಿದ್ದು ನಾವೇ. ನಮಗೆ ಮಕ್ಕಳಿಲ್ಲ. ಕೆಂಪಾಪುರದಲ್ಲಿ ಅವಳ ಮನೆ. ಪರಿಚಯದವರಿಗೆ ಒಂದು ಕಂಪನಿಯ ಆರೋಗ್ಯದ ಪುಡಿ, ಕ್ಯಾಪ್ಸೂಲುಗಳನ್ನು ಮಾರುತ್ತಿದ್ದಳು. ಅಣ್ಣನಿಗೆ ಕಣ್ಣಿನ ಕಾಯಿಲೆ ಅಂತ ಕೇಳಿ ದೊಡ್ಡ ಡಬ್ಬವೊಂದನ್ನು ತಂದಿದ್ದಳು.

"ಅಣ್ಣಾ, ಕಣ್ಣಿಗೆ ಸೂಜಿ ಅಂದ್ರೆ ಕೇಳಿದ್ರೇ ಮೈ ಜುಮ್ ಅನ್ನುತ್ತೆ. ಇದು ನೋಡು, ಪೂರ್ತಿ ಆಂಟಿಆಕ್ಸಿಡೆಂಟ್. ನಮ್ಮ ಟೀಮಲ್ಲಿ ಒಬ್ಬರ ಮಾವನಿಗೆ ಕನ್ನಡಕಾನೇ ಹೋಯ್ತಂತೆ." ನನ್ನ ಕಡೆ ತಿರುಗಿ, "ಅತ್ತಿಗೆ, ನೀವು ಸೈನ್ಸ್ ಟೀಚರ್. ನೀವೇ ಓದಿ ಹೇಳಿ," ಅಂದಳು.

ಕನ್ನಡಕ ಹಾಕಿಕೊಂಡು ಓದಿದೆ. ಡಾಕ್ಟರ ಮಾತ್ರೆಯಲ್ಲಿದ್ದ ಹೆಸರುಗಳೇ ಇದ್ದವು. ಪ್ರಮಾಣ ಹೆಚ್ಚು. ಜೊತೆಗೆ ಇನ್ನಷ್ಟು ಹೆಸರುಗಳು. ಅವುಗಳಲ್ಲಿ ಒಂದು ಬೀಟಾ ಕ್ಯಾರೋಟಿನ್. ಅದನ್ನು ನೋಡಿ ಹಳೆಯ ವಿದ್ಯಾರ್ಥಿ ಸಿಕ್ಕಷ್ಟು ಖುಷಿಯಾಯಿತು. ಕ್ಯಾರೆಟ್ಟಿನಲ್ಲಿರುವುದು, ದೇಹದಲ್ಲಿ ವಿಟಮಿನ್ ಎ ಆಗುವುದು, ಕಡಿಮೆಯಾದರೆ ಇರುಳುಗಣ್ಣು. ಎಷ್ಟು ವರ್ಷ ಹೇಳಿಕೊಟ್ಟಿದ್ದೆ.

"ಒಳ್ಳೇದೇ ಇದೆ. ಇದರಲ್ಲಿ ಎಲ್ಲಾ ಜಾಸ್ತಿನೇ ಇದೆ," ಅಂದೆ.

ಈ ಮಾತನ್ನು ಆಡಿದವಳು ನಾನೇ. ಬೇರೆ ಯಾರೂ ಆಡಲಿಲ್ಲ.

ಇವರು ಡಾಕ್ಟರ ಮಾತ್ರೆ ನಿಲ್ಲಿಸಿ ಕ್ಯಾಪ್ಸೂಲು ಶುರುಮಾಡಿದರು. ಕೆಲವೇ ದಿನಗಳಲ್ಲಿ ಪೇಪರು ಓದುವುದು ಸುಲಭವಾಗಿದೆ ಅಂದರು. ಅದು ಆಗಲೇ ಹಾಕಿಸಿಕೊಂಡಿದ್ದ ಎರಡು ಇಂಜೆಕ್ಷನ್ನಿನ ಫಲ. ನಾವು ಕ್ಯಾಪ್ಸೂಲಿನದು ಅಂದುಕೊಂಡೆವು. ಮೂರನೆಯದರ ದಿನ ಹತ್ತಿರ ಬಂದಾಗ, "ಈ ಸಲ ಬಿಡೋಣ ಕಣೆ, ಈಗೇನು ತೊಂದ್ರೆ ಇಲ್ವಲ್ಲ," ಅಂದರು. ಆಸ್ಪತ್ರೆಯಿಂದ ಫೋನ್ ಬಂತು. ಊರಲ್ಲಿಲ್ಲ, ಬಂದ ಮೇಲೆ ತಿಳಿಸ್ತೀವಿ, ಅಂದೆ. ಇವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡು ನಕ್ಕರು.

ಎರಡು ವಾರ ಬಿಟ್ಟು ಮತ್ತೆ ಫೋನ್ ಬಂತು. ನಾನು ಅಡುಗೆಮನೆಯಲ್ಲಿದ್ದೆ.

"ಮೇಡಂ, ಇಂಜೆಕ್ಷನ್ ತಪ್ಪಿಸಬಾರದು ಅಂತ ಡಾಕ್ಟರ್ ಬರೆದಿದ್ದಾರೆ. ತಪ್ಪಿದ್ರೆ ದೃಷ್ಟಿಗೆ ತೊಂದ್ರೆ ಆಗುತ್ತೆ. ಪೇಷಂಟ್‌ಗೆ ದಯವಿಟ್ಟು ಹೇಳಿ."

"ಹೇಳ್ತೀನಿ," ಅಂದೆ.

ಹೇಳಲಿಲ್ಲ.

ಯಾಕೆ ಅಂತ ನನ್ನನ್ನೇ ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಮನೆಯಲ್ಲಿ ನೆಮ್ಮದಿ ಬಂದಿತ್ತು. ಇವರು ಸರಿಯಾಗಿ ಊಟ ಮಾಡುತ್ತಿದ್ದರು, ಕನ್ನಡಿಯ ಮುಂದೆ ನಿಲ್ಲುತ್ತಿರಲಿಲ್ಲ. ಹೇಳಿದರೆ ಮತ್ತೆ ಆ ಹೆದರಿಕೆ ಬರುತ್ತದೆ ಅನ್ನಿಸಿತು. ಜೊತೆಗೆ, ಲೇಬಲ್ ಓದಿ ತೀರ್ಪು ಕೊಟ್ಟವಳು ನಾನಾಗಿದ್ದೆ. ನನ್ನ ತೀರ್ಪು ತಪ್ಪಿರಬಹುದು ಅನ್ನುವುದು ನನಗೆ ಬೇಕಾಗಿರಲಿಲ್ಲ.

ಕ್ಯಾಪ್ಸೂಲು ಶುರುವಾಗಿ ಸುಮಾರು ಮೂರು ತಿಂಗಳಾಗಿತ್ತು. ಬೆಳಿಗ್ಗೆ ತಿಂಡಿಯ ಹೊತ್ತು. ಕಿಟಕಿಯಿಂದ ಬಿಸಿಲು ಮೇಜಿನವರೆಗೂ ಬಂದಿತ್ತು. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟೆ. ಇವರು ತಲೆಯನ್ನು ಅತ್ತಿತ್ತ ತಿರುಗಿಸುತ್ತಿದ್ದರು.

"ಲೈಟ್ ಹಾಕು."

"ಬಿಸಿಲೇ ಇದೆಯಲ್ರೀ."

ಇವರು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ನನ್ನ ಕಡೆ ತಿರುಗಿದರು. ತುಂಬ ಹೊತ್ತು ನೋಡಿದರು.

"ನಿನ್ನ ಮುಖ ಇಲ್ಲ."

ಕೂದಲು ಕಾಣುತ್ತಿತ್ತಂತೆ, ಕಿವಿ ಕಾಣುತ್ತಿತ್ತಂತೆ, ಸೀರೆಯ ಬಣ್ಣ ಕಾಣುತ್ತಿತ್ತಂತೆ. ನಡುವೆ ಮಸಿ ಬಳಿದ ಹಾಗೆ ಕಪ್ಪು.

ಆಗಲೇ ಆಸ್ಪತ್ರೆಗೆ ಓಡಿದೆವು, ಡಾಕ್ಟರ್ ಮತ್ತೆ ಸ್ಕ್ಯಾನ್ ಮಾಡಿಸಿ ನೋಡಿದರು. ಒಳಗೆ ರಕ್ತಸ್ರಾವ ಆಗಿತ್ತು.

"ಯಾಕೆ ಬರಲಿಲ್ಲ ನೀವು?"

ನಾನು ಬ್ಯಾಗಿನಿಂದ ಕ್ಯಾಪ್ಸೂಲಿನ ಡಬ್ಬ ತೆಗೆದು ಮೇಜಿನ ಮೇಲಿಟ್ಟೆ. ಅದೇ ನನ್ನ ಉತ್ತರವಾಗಿತ್ತು. ಅವರು ಲೇಬಲ್ ಓದಿದರು. ಒಂದು ಸಾಲಿನ ಮೇಲೆ ಪೆನ್ನು ನಿಲ್ಲಿಸಿದರು.

"ಇದರಲ್ಲಿ ಬೀಟಾ ಕ್ಯಾರೋಟಿನ್ ಇದೆ. ಸಿಗರೇಟ್ ಸೇದೋರಿಗೆ, ಹಿಂದೆ ಸೇದಿ ಬಿಟ್ಟೋರಿಗೂ, ಇದನ್ನ ಈ ಪ್ರಮಾಣದಲ್ಲಿ ಕೊಡಬಾರದು. ಶ್ವಾಸಕೋಶದ ಕ್ಯಾನ್ಸರ್ ಬರೋ ಸಾಧ್ಯತೆ ಹೆಚ್ಚಾಗುತ್ತೆ. ಅದಕ್ಕೇ ನಾನು ಅದಿಲ್ಲದ ಮಾತ್ರೆ ಬರೆದುಕೊಟ್ಟಿದ್ದು."

"ಕ್ಯಾರೆಟ್ಟಲ್ಲಿ ಇರೋದೇ ಅಲ್ವಾ ಡಾಕ್ಟ್ರೇ," ಅಂದೆ.

"ಕ್ಯಾರೆಟ್ ಎಷ್ಟು ಬೇಕಾದ್ರೂ ಪಲ್ಯ ಮಾಡಿ ಹಾಕಿ. ಕ್ಯಾಪ್ಸೂಲಿನ ಮಾತೇ ಬೇರೆ."

ಆಗ ಇವರು ಬಾಯಿ ಬಿಟ್ಟರು. "ನಾನು ಈಗ್ಲೂ ಸೇದ್ತೀನಿ ಡಾಕ್ಟ್ರೇ. ದಿನಕ್ಕೆ ಎರಡು. ಆವತ್ತು ಸುಳ್ಳು ಹೇಳಿದೆ."

ಡಾಕ್ಟರ್ ಬೈಯಲಿಲ್ಲ. ಎರಡನ್ನೂ ಇವತ್ತೇ ನಿಲ್ಲಿಸಿ, ಮೂರು ತಿಂಗಳು ಕ್ಯಾಪ್ಸೂಲು ತಗೊಂಡದ್ದಕ್ಕೆ ಗಾಬರಿ ಬೀಳಬೇಕಾಗಿಲ್ಲ, ಅಂದರು. ನಾನು ಕೇಳಲೇಬೇಕಾಗಿದ್ದ ಒಂದು ಪ್ರಶ್ನೆ ಉಳಿದಿತ್ತು.

"ಕಣ್ಣು ಹೋಗಿದ್ದು ಈ ಕ್ಯಾಪ್ಸೂಲಿಂದಾನಾ?"

"ಇಲ್ಲಮ್ಮ. ಇಂಜೆಕ್ಷನ್ ತಪ್ಪಿದ್ದರಿಂದ. ಸೋರಿಕೆ ನಿಲ್ಲಿಸೋ ಶಕ್ತಿ ಯಾವ ಮಾತ್ರೆಗೂ ಇಲ್ಲ. ಇದಿರಲಿ, ನಾನು ಬರೆದ ಮಾತ್ರೆಗೂ ಇಲ್ಲ. ಅದು ಎಡಗಣ್ಣಿಗೋಸ್ಕರ ಇದ್ದದ್ದು."

ಮತ್ತೆ ಇಂಜೆಕ್ಷನ್ ಶುರುವಾಯಿತು. ರಕ್ತ ಕರಗಿತು. ಆದರೆ ಅಲ್ಲಿ ಗಾಯದ ಕಲೆ ಉಳಿಯಿತು. ಬಲಗಣ್ಣಿನ ನಡುಭಾಗ ಮರಳಿ ಬರುವುದಿಲ್ಲ ಅಂತ ಡಾಕ್ಟರ್ ಎರಡನೇ ತಿಂಗಳು ಸ್ಪಷ್ಟವಾಗಿ ಹೇಳಿದರು.

ಎಡಗಣ್ಣಿದ್ದುದರಿಂದ ಹೊರಗಿನವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮನೆಯೊಳಗೆ ಗೊತ್ತಾಗುತ್ತಿತ್ತು. ಕಾಫಿ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಮೆಟ್ಟಿಲಿನ ಕೊನೆಯಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಡುತ್ತಿದ್ದರು. ಬೆಳಗಿನ ವಾಕಿಂಗ್ ನಿಲ್ಲಿಸಿದರು. ಬಲಗಡೆಯಿಂದ ನಾನು ಹತ್ತಿರ ಹೋದರೆ ಬೆಚ್ಚಿಬೀಳುತ್ತಿದ್ದರು. ಅದಕ್ಕೆ ಎಡಗಡೆಯಿಂದಲೇ ಹೋಗುವುದನ್ನು ಕಲಿತೆ. ಹಾಸಿಗೆಯಲ್ಲಿ ಮಲಗುವ ಜಾಗವನ್ನೂ ಬದಲಾಯಿಸಿಕೊಂಡೆವು.

ಸುದ್ದಿ ತಿಳಿದು ವಸಂತಾ ಓಡಿಬಂದಳು. ಬಾಗಿಲಲ್ಲೇ ಅತ್ತಳು. ನನಗೆ ಮರುಕ ಬರಲಿಲ್ಲ. ಡಬ್ಬ ತಂದು ಅವಳ ಕೈಗಿಟ್ಟೆ.

"ತಗೊಂಡು ಹೋಗು ಇದನ್ನ. ನಿಮ್ಮ ಟೀಮಿಗೆ ಹೇಳು, ಒಬ್ಬರ ಕಣ್ಣು ಹೋಯ್ತು ಅಂತ."

"ಅತ್ತಿಗೆ, ನಾನು ಒಳ್ಳೇದಾಗ್ಲಿ ಅಂತ..."

"ಅವಳನ್ನ ಯಾಕೆ ಬೈತೀಯ?" ಇವರು ದಿವಾನ್ ಮೇಲೆ ಕೂತಲ್ಲಿಂದಲೇ ಹೇಳಿದರು. "ಸೂಜಿ ಬೇಡ ಅಂದವನು ನಾನು. ಅವಳೇನು ಆಸ್ಪತ್ರೆಗೆ ಹೋಗ್ಬೇಡ ಅಂದ್ಲಾ?"

ಅವಳು ಅಂದಿರಲಿಲ್ಲ. ಅದು ನಿಜ. ಅವಳು ಸುಮ್ಮನೆ ಕಣ್ಣೀರು ಒರೆಸಿಕೊಳ್ಳುತ್ತ ನಿಂತಿದ್ದಳು. ಬೈಸಿಕೊಳ್ಳಬೇಕಾದ ನಾನೇ ಬೈಯುತ್ತ ನಿಂತಿದ್ದೇನೆ ಅನ್ನಿಸಿತು. ಕುರ್ಚಿಯಲ್ಲಿ ಕೂತೆ.

"ಆಸ್ಪತ್ರೆಯಿಂದ ಎರಡನೇ ಸಲ ಫೋನ್ ಬಂದಿತ್ತು. ನಿಮಗೆ ಹೇಳಲಿಲ್ಲ."

ಇವರು ಎಡಗಣ್ಣಿಗೆ ಸಿಗುವಂತೆ ತಲೆ ತಿರುಗಿಸಿ ನನ್ನನ್ನು ನೋಡಿದರು.

"ಏನಂದ್ರು?"

"ತಪ್ಪಿಸಿದ್ರೆ ದೃಷ್ಟಿಗೆ ತೊಂದ್ರೆ, ಪೇಷಂಟ್‌ಗೆ ಹೇಳಿ ಅಂದ್ರು. ಹೇಳ್ತೀನಿ ಅಂದೆ."

ವಸಂತಾ ಅಳುವುದನ್ನು ನಿಲ್ಲಿಸಿದಳು.

"ಹೇಳಿದ್ರೂ ಹೋಗ್ತಿದ್ನೋ ಇಲ್ವೋ ನನಗೇ ಗೊತ್ತಿಲ್ಲ," ಅಂದರು ಇವರು. "ಆದ್ರೆ ನೀನು ಹೇಳ್ಬೇಕಿತ್ತು ಗಿರಿಜಾ."

ಆಮೇಲೆ ನಾಲ್ಕು ದಿನ ಬೇಕಾದಷ್ಟೇ ಮಾತು. ಊಟಕ್ಕೆ ಬನ್ನಿ. ಬಂದೆ. ಡ್ರಾಪ್ಸ್ ಹಾಕ್ಲಾ. ಹಾಕು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಇವರು ಡ್ಯೂಟಿಯ ಮೇಲೆ ದಿನಗಟ್ಟಲೆ ಹೊರಗಿದ್ದಾಗಲೂ ಮನೆ ಅಷ್ಟು ಖಾಲಿ ಅನ್ನಿಸಿರಲಿಲ್ಲ. ಐದನೇ ದಿನ ಬೆಳಿಗ್ಗೆ ತಾರಸಿಗೆ ಹೋದವರು ಬೇಗ ಇಳಿದು ಬಂದರು. ನೀರಿನ ಟ್ಯಾಂಕಿನ ಹಿಂದೆ ಇಡುತ್ತಿದ್ದ ಸಿಗರೇಟು ಪ್ಯಾಕನ್ನು ನನ್ನ ಮುಂದಿಟ್ಟರು.

"ಇಂಜಿನ್ನಲ್ಲಿ ನಾನು ಒಬ್ಬನೇ ಇರ್ತಿರ್ಲಿಲ್ಲ. ಅಸಿಸ್ಟೆಂಟ್ ಇರ್ತಿದ್ದ. ಸಿಗ್ನಲ್ ಕಂಡ ಕೂಡ್ಲೇ ಇಬ್ರೂ ಬಾಯಿಬಿಟ್ಟು ಹೇಳ್ಬೇಕು. ನನಗೆ ಕಾಣ್ತು, ಅವನಿಗೂ ಕಂಡಿರುತ್ತೆ ಅಂತ ಸುಮ್ನೆ ಇರೋ ಹಾಗಿಲ್ಲ. ನಾವಿಬ್ರೂ ಸುಮ್ನಿದ್ವಿ. ನಾನು ಡಾಕ್ಟರ್ ಹತ್ರ, ನೀನು ನನ್ನ ಹತ್ರ." ಪ್ಯಾಕನ್ನು ನನ್ನ ಕಡೆ ತಳ್ಳಿ, "ಇನ್ನು ಹಂಗೆ ಬೇಡ," ಅಂದರು.

"ಆಯ್ತು," ಅಂದೆ.

ಆ ದಿನವೇ ಫೈಲಿನಿಂದ ಚೌಕಗಳ ಹಾಳೆಯನ್ನು ತೆಗೆದು ಬೀರುವಿನ ಬಾಗಿಲಿಗೆ ಅಂಟಿಸಿದೆ. ಸ್ನಾನವಾದ ಮೇಲೆ ಇವರು ಬಲಗಣ್ಣು ಮುಚ್ಚಿಕೊಂಡು ಚುಕ್ಕೆ ನೋಡುವುದು, ಕಂಡದ್ದನ್ನು ಗಟ್ಟಿಯಾಗಿ ಹೇಳುವುದು. ತಿಂಡಿಯಾದ ಮೇಲೆ ಡಾಕ್ಟರ್ ಬರೆದ ಮಾತ್ರೆ. ಎಂಟು ತಿಂಗಳು ಹೀಗೇ ನಡೆಯಿತು. ಸಿಗರೇಟಿಲ್ಲದ ಮೊದಲ ತಿಂಗಳು ಇವರ ಸಿಟ್ಟನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು. ಅದೂ ಕಳೆಯಿತು.

ಒಂದು ಸೋಮವಾರ ಬೀರುವಿನ ಮುಂದಿನಿಂದ ದನಿ ಬಂತು.

"ಮೇಲ್ಗಡೆ ಎರಡು ಗೆರೆ ಅಲುಗಾಡ್ತಿದೆ."

ನನ್ನ ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಒಲೆ ಆರಿಸಿದೆ. ವಸಂತಾಳಿಗೆ ಫೋನ್ ಮಾಡಿದೆ. ಅವಳ ಮನೆ ಆಸ್ಪತ್ರೆಗೆ ಹತ್ತಿರ. ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್‌ನಲ್ಲಿ ನಮ್ಮ ಆಟೋ ನಿಂತಿದ್ದಾಗ ಅವಳು ಆಗಲೇ ಟೋಕನ್ ತೆಗೆದುಕೊಂಡು ಕೂತಿದ್ದಳು. ಆ ಕ್ಯಾಪ್ಸೂಲು ಮಾರುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಳು. ನಾನು ಕೇಳಿರಲಿಲ್ಲ, ಅವಳೂ ಹೇಳಿಕೊಂಡಿರಲಿಲ್ಲ. ನಾವು ತಲುಪಿದ ಕೂಡಲೇ ಇವರ ಫೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಗೊತ್ತಿ ಹಿಡಿದುಕೊಂಡಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

ಎಡಗಣ್ಣಲ್ಲೂ ಸೋರಿಕೆ ಶುರುವಾಗಿತ್ತು. ಸಣ್ಣದು.

"ಸರಿಯಾದ ಟೈಮಿಗೆ ಬಂದಿದ್ದೀರಿ," ಅಂದರು ಡಾಕ್ಟರ್.

"ಒಂದು ದಿನಾನೂ ತಪ್ಪದೆ ಮಾತ್ರೆ ಕೊಟ್ಟಿದ್ದೀನಿ ಡಾಕ್ಟ್ರೇ. ಆದ್ರೂ ಬಂತಲ್ಲ."

"ಮಾತ್ರೆ ಬರೋ ಸಾಧ್ಯತೆನ ಕಡಿಮೆ ಮಾಡುತ್ತೆ ಅಷ್ಟೇ. ಬರೋದೇ ಇಲ್ಲ ಅಂತ ಯಾರೂ ಹೇಳಕ್ಕಾಗಲ್ಲ."

"ಹಾಗಾದ್ರೆ ಅದರಿಂದ ಏನಾದ್ರೂ ಉಪಯೋಗ ಆಯ್ತಾ ಇಲ್ವಾ?"

ಅವರು ಯೋಚಿಸಿ ಹೇಳಿದರು. "ಆಗಿರಬಹುದು. ತಗೊಳ್ಳದೇ ಇದ್ದಿದ್ರೆ ಇನ್ನೂ ಬೇಗ ಬರ್ತಿತ್ತೋ ಏನೋ. ಇವರೊಬ್ಬರ ವಿಷಯದಲ್ಲಿ ನನಗೆ ಗೊತ್ತಾಗಲ್ಲಮ್ಮ."

ಗೊತ್ತಾಗಲ್ಲ. ನಾನು ಇಷ್ಟು ವರ್ಷ ಮಕ್ಕಳಿಂದ ಒಪ್ಪಿಕೊಳ್ಳದಿದ್ದ ಉತ್ತರ ಅದು. ಗೊತ್ತಾಗಲ್ಲ ಅಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಡಾಕ್ಟರ ಬಾಯಲ್ಲಿ ಕೇಳಿದಾಗ ಆ ಮಾತಿನ ಮೇಲೆ ನಂಬಿಕೆ ಬಂತು. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಅಂತ ಬಿಡಿಸಿ ಹೇಳುವವರು ಇಂಜೆಕ್ಷನ್ ಬೇಕು ಅಂದರೆ ಬೇಕು.

ಒಳಗೆ ಹೋಗುವ ಮುಂಚೆ ನರ್ಸ್ ಇವರ ಎಡ ಹುಬ್ಬಿನ ಮೇಲೆ ಗುರುತು ಹಾಕಿದರು. ಉಳಿದಿರುವುದು ಇದೊಂದೇ ಕಣ್ಣು. "ಬೇಡ ಅನ್ನಿಸ್ತಿದೆ ಗಿರಿಜಾ," ಅಂದರು. "ಬೇಡ ಅನ್ನಿಸ್ತಿದೆ ಅಂತ ಹೇಳ್ತಿದ್ದೀನಿ ಅಷ್ಟೇ. ಹೋಗ್ತೀನಿ." ಹೋದರು.

ಈಗ ಆರು ಇಂಜೆಕ್ಷನ್ ಆಗಿವೆ. ಕಳೆದ ವಾರ ಸ್ಕ್ಯಾನ್ ಆಯಿತು. ಸೋರಿಕೆ ನಿಂತಿದೆ. ಇಂಜೆಕ್ಷನ್ನಿನ ನಡುವಿನ ಅಂತರವನ್ನು ಎಂಟು ವಾರಕ್ಕೆ ಹೆಚ್ಚಿಸಿದ್ದಾರೆ. ಅಕ್ಷರದ ಬೋರ್ಡಿನಲ್ಲಿ ಇವರು ಮೊದಲಿಗಿಂತ ಒಂದು ಸಾಲು ಕಡಿಮೆ ಓದುತ್ತಾರೆ. "ಇದ್ದಷ್ಟೇ ಇದೆ," ಅಂದರು ಡಾಕ್ಟರ್. ಮುಂದೆ ಏನೋ ಗೊತ್ತಿಲ್ಲ. ಮತ್ತೆ ಸೋರಬಹುದು, ಸೋರದೇ ಇರಬಹುದು. ನಾವು ಎಂಟು ವಾರಗಳ ಲೆಕ್ಕದಲ್ಲಿ ಬದುಕುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇವೆ. ಬೆಳಗಿನ ವಾಕಿಂಗ್ ಮತ್ತೆ ಶುರುವಾಗಿದೆ, ಇವರಿಗೆ ಸರಿಯಾಗಿ ಕಾಣದ ಬಲಗಡೆ ನಾನು, ಎಡಗಡೆ ಇವರು.

ಆಸ್ಪತ್ರೆಗೆ ಹೋಗಿಬಂದ ಮರುದಿನ ಬೆಳಿಗ್ಗೆ ವರಾಂಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಇವರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ನಿನ್ನ ಹುಬ್ಬಲ್ಲಿ ಒಂದು ಬಿಳಿ ಕೂದಲು ಬಂದಿದೆ ಕಣೆ."

"ಯಾವಾಗಿಂದಲೋ ಇದೆ."

"ಹೌದಾ? ಯಾವ ಕಡೆ ಇದೆ ಹೇಳ್ಲಾ?"

"ಹೇಳಿ ನೋಡೋಣ," ಅಂದೆ. ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಚೆನ್ನಾಗಿ ಕಾಣಲಿ ಅಂತ ಮುಖವನ್ನು ಬೆಳಕಿನ ಕಡೆ ತಿರುಗಿಸಿ ಕೂತೆ.